ನಿಲ್ಲಲು ಕಲಿತ ರೋಬೋಟ್

ಭೋಸರಿಯಿಂದ ಫೋನ್ ಬಂದಾಗ ಬೆಳಿಗ್ಗೆ ಏಳು ಗಂಟೆ. ವಾಕಡ್‌ನ ಮನೆಯಲ್ಲಿ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಆ ಕಡೆಯಿಂದ ಸೂಪರ್‌ವೈಸರ್ ಮರಾಠಿಯಲ್ಲಿ ಹೇಳಿದ್ದು ಇಷ್ಟೇ: ‘ಸರ್, ರೋಬೋ ರಾತ್ರಿಯೆಲ್ಲ ಚೆನ್ನಾಗಿ ಓಡಿದೆ, ಆದರೆ ಮಾಲು ಎಲ್ಲಾ ಹೋಗಿದೆ.’

ಹೋಗಿ ನೋಡಿದರೆ ಲೇತ್ ಪಕ್ಕದ ಟ್ರೇಗಳಲ್ಲಿ ಗೇರ್ ಬ್ಲಾಂಕ್‌ಗಳು ಸಾಲಾಗಿ, ಒಂದು ಮಿಲಿಮೀಟರ್ ಆಚೀಚೆ ಆಗದಂತೆ ಕುಳಿತಿದ್ದವು. ಒಂದನ್ನು ಎತ್ತಿ ಒಳಗೆ ಬೆರಳು ಹಾಕಿದೆ. ಬೋರ್‌ನ ಗೋಡೆ ಗೀರುಗೀರಾಗಿತ್ತು. ಲ್ಯಾಪ್‌ಟಾಪ್ ತೆಗೆದು ಲಾಗ್ ನೋಡಿದೆ. 4 ಗಂಟೆ 40 ನಿಮಿಷಕ್ಕೆ ಸ್ಪಿಂಡಲ್ ಮೇಲಿನ ಭಾರ ಒಮ್ಮೆ ಜಿಗಿದು ಮತ್ತೆ ಇಳಿದಿತ್ತು. ಇನ್ಸರ್ಟ್‌ನ ಟಿಪ್ ಮುರಿದದ್ದು ಆಗ. ಅಲ್ಲಿಂದ ಏಳು ಗಂಟೆಯವರೆಗೆ, 38 ಸೆಕೆಂಡಿಗೆ ಒಂದರಂತೆ, ನಮ್ಮ ರೋಬೋಟ್ 221 ಕೆಟ್ಟ ಪೀಸುಗಳನ್ನು ಅಚ್ಚುಕಟ್ಟಾಗಿ ಜೋಡಿಸಿಟ್ಟಿತ್ತು. ಕೆಲವನ್ನು ಮತ್ತೆ ಲೇತ್‌ಗೆ ಹಾಕಿ ಉಳಿಸಿಕೊಂಡೆವು. ಉಳಿದದ್ದು ಸ್ಕ್ರ್ಯಾಪ್.

ಆ ರೋಬೋಟ್‌ನ ಪ್ರೋಗ್ರಾಂ ಬರೆದವನು ನಾನೇ.

ಎಂ.ಟೆಕ್. ಮುಗಿಸಿ ಪುಣೆಗೆ ಬಂದು ಹತ್ತು ವರ್ಷವಾಯಿತು. ಸಾಫ್ಟ್‌ವೇರ್ ಎಂದರೆ ಊರಿನಲ್ಲಿ ಈಗಲೂ ಹಿಂಜವಡಿಯ ಗಾಜಿನ ಕಟ್ಟಡ, ಏಸಿ, ಕುತ್ತಿಗೆಯಲ್ಲಿ ಕಾರ್ಡು ಎಂದುಕೊಳ್ಳುತ್ತಾರೆ. ನನ್ನ ಕೆಲಸ ಇರುವುದು ಭೋಸರಿ, ಚಾಕಣ್, ತಳೇಗಾಂವ್‌ಗಳ ಶೆಡ್ಡುಗಳಲ್ಲಿ. ಸಣ್ಣ, ಮಧ್ಯಮ ಕಾರ್ಖಾನೆಗಳು ಕೊಳ್ಳುವ ರೋಬೋಟ್‌ಗಳಿಗೆ ‘ಹೀಗೆ ಎತ್ತು, ಹೀಗೆ ಇಡು, ಲೆಕ್ಕ ಕಳಿಸು’ ಎಂದು ಹೇಳುವ ಸಾಫ್ಟ್‌ವೇರ್ ಬರೆಯುತ್ತೇನೆ. ಸಂಜೆ ಮನೆಗೆ ಬಂದರೆ ಅಂಗಿಯಿಂದ ಕೂಲಂಟ್ ವಾಸನೆ ಹೋಗುವುದಿಲ್ಲ. ಹೆಂಡತಿ ಅದನ್ನು ಬೇರೆಯೇ ಬಕೆಟ್ಟಿನಲ್ಲಿ ನೆನೆಹಾಕುತ್ತಾಳೆ.

ಭೋಸರಿಯ ಆ ವರ್ಕ್‌ಶಾಪಿನ ಮಾಲೀಕರು ರೋಬೋಟ್ ಕೊಂಡದ್ದು ‘ಲೀನ್’ ಆಗಬೇಕೆಂದು. ಅವರ ದೊಡ್ಡ ಗಿರಾಕಿ ಕಂಪನಿಯ ಆಡಿಟರ್‌ಗಳು ಬಂದಾಗಲೆಲ್ಲ ಲೀನ್ ಮ್ಯಾನುಫ್ಯಾಕ್ಚರಿಂಗ್ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದರು. ರೋಬೋಟ್ ಬಂದರೆ ಲೀನ್ ಬಂದಂತೆ ಎಂದು ಮಾಲೀಕರು ತಿಳಿದರು. ನಾನೂ ಅಲ್ಲವೆನ್ನಲಿಲ್ಲ. ನಾನು ತೋರಿಸಿದ ಸ್ಲೈಡಿನಲ್ಲಿ ಎರಡು ಸಾಲು ದಪ್ಪಕ್ಷರದಲ್ಲಿದ್ದವು: ‘ಸೈಕಲ್ ಟೈಮ್ 38 ಸೆಕೆಂಡ್’, ‘ಆಪರೇಟರ್ ಉಳಿತಾಯ 2’.

ಅದಕ್ಕೂ ಮೊದಲು ಆ ಲೇತ್ ನಡೆಸುತ್ತಿದ್ದವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. ಐವತ್ತು ದಾಟಿದೆ, ಪುಣೆಗೆ ಬಂದು ಮೂವತ್ತು ವರ್ಷ. ಮೊದಲ ವಾರ ನನ್ನನ್ನು ‘ಸಾಹೇಬ್ರ’ ಎನ್ನುತ್ತಿದ್ದವರು, ನಾನು ಬನಹಟ್ಟಿಯವನು ಎಂದು ಗೊತ್ತಾದ ಮೇಲೆ ‘ತಮ್ಮಾ’ ಎನ್ನತೊಡಗಿದರು. ನಾನು ‘ಕಾಕಾ’ ಎಂದೆ. ರೋಬೋಟ್ ಕೂರಿಸುತ್ತಿದ್ದ ದಿನ ಅವರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

‘ತಮ್ಮಾ, ಟಿಪ್ ಹೋಗೂ ಮುಂಚೆ ಲೇತ್ ಒಂದ್ ನಮೂನಿ ಅಳತದ. ನಿನ್ನ ರೋಬೋಕ್ಕ ಕಿವಿ ಅದಾವೇನು?’

ನಾನು ನಕ್ಕು, ‘ಕಾಕಾ, ಕಿವಿ ಬೇಕಿಲ್ಲ, ಕೌಂಟರ್ ಐತಿ’ ಎಂದೆ. ಇನ್ಸರ್ಟ್ ಕಂಪನಿಯ ಕೆಟಲಾಗ್ ನೋಡಿ, ಇಷ್ಟು ಪೀಸಿಗೆ ಒಮ್ಮೆ ಟಿಪ್ ಬದಲಿಸು ಎಂದು ಸಂಖ್ಯೆ ಹಾಕಿದ್ದೆ. ಆ ರಾತ್ರಿ ಬಂದ ಫೋರ್ಜಿಂಗ್ ಲಾಟ್ ಸ್ವಲ್ಪ ಗಟ್ಟಿಯಿತ್ತು. ಕೌಂಟರ್ ತನ್ನ ಸಂಖ್ಯೆ ಮುಟ್ಟುವ ಮೊದಲೇ ಟಿಪ್ ಕೈಕೊಟ್ಟಿತು.

ಕೆಟ್ಟ ಮಾಲು ಒಂದು ರಾತ್ರಿಯ ಮಾತು. ಅದಕ್ಕಿಂತ ದೊಡ್ಡ ತೊಂದರೆ ಒಳ್ಳೆಯ ಮಾಲಿನದ್ದೇ ಆಗಿತ್ತು, ಅದು ನನ್ನ ಕಣ್ಣಿಗೆ ಬೀಳಲು ತಿಂಗಳು ಬೇಕಾಯಿತು. ಲೆಕ್ಕ ಸರಳ. ಗಿರಾಕಿಗೆ ಒಂದು ಶಿಫ್ಟಿಗೆ ಬೇಕಾದದ್ದು 450 ಪೀಸು. ಎಂಟು ಗಂಟೆಯಲ್ಲಿ ಚಹಾ, ಊಟದ ಅರ್ಧ ಗಂಟೆ ಕಳೆದರೆ 27,000 ಸೆಕೆಂಡ್. ಅಂದರೆ 60 ಸೆಕೆಂಡಿಗೆ ಒಂದು ಪೀಸು ಹೊರಬಂದರೆ ಸಾಕು. ಇದಕ್ಕೆ ಟ್ಯಾಕ್ಟ್ ಟೈಮ್ ಎನ್ನುತ್ತಾರೆ, ಗಿರಾಕಿ ಹಾಕುವ ತಾಳ ಎಂದುಕೊಳ್ಳಿ. ಚಹಾ ಕುಡಿಯದ ನಮ್ಮ ರೋಬೋಟ್‌ಗೆ ಪೂರ್ತಿ 28,800 ಸೆಕೆಂಡ್ ಸಿಗುತ್ತದೆ. 38ರಿಂದ ಭಾಗಿಸಿದರೆ ಸುಮಾರು 757 ಪೀಸು. ಯಾರೂ ಕೇಳದ 300 ಪೀಸು ಪ್ರತಿ ಶಿಫ್ಟಿಗೆ ಹೆಚ್ಚಾಗಿ ಬರುತ್ತಿತ್ತು. ಮುಂದಿನ ಹಂತವಾದ ತೊಳೆಯುವ ಯಂತ್ರದ ಮುಂದೆ ಅದು ಗುಡ್ಡೆ ಬಿತ್ತು. ಗುಡ್ಡೆಗೆ ಹೊಸ ರ‍್ಯಾಕ್ ಬೇಕಾಯಿತು. ರ‍್ಯಾಕ್‌ನಿಂದ ರ‍್ಯಾಕ್‌ಗೆ ಸಾಗಿಸಲು ಒಬ್ಬ ಹುಡುಗ ಬೇಕಾದ. ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಸವರಲು ಇನ್ನೊಬ್ಬ. ನನ್ನ ಸ್ಲೈಡಿನಲ್ಲಿ ‘ಉಳಿತಾಯ’ವಾಗಿದ್ದ ಇಬ್ಬರು ಬೇರೆ ಬಾಗಿಲಿನಿಂದ ಒಳಗೆ ಬಂದಿದ್ದರು, ಕಬ್ಬಿಣದ ರೂಪದಲ್ಲಿ ಲಕ್ಷಗಟ್ಟಲೆ ದುಡ್ಡು ಮೂಲೆಯಲ್ಲಿ ಕೂತಿತ್ತು.

ಜಪಾನಿಯರು ಇಂಥದ್ದನ್ನು ‘ಮುಡಾ’ ಎನ್ನುತ್ತಾರೆ. ನಮ್ಮವರಿಗೆ ಮುಡಾ ಎಂದೊಡನೆ ಮೈಸೂರಿನ ಸೈಟುಗಳು ನೆನಪಾಗಬಹುದು. ಅವರ ಭಾಷೆಯಲ್ಲಿ ಅದಕ್ಕೆ ವ್ಯರ್ಥ ಎಂದು ಅರ್ಥ. ಟೊಯೋಟಾದ ತಾಯಿಚಿ ಓನೋ ಏಳು ಬಗೆಯ ಮುಡಾ ಗುರುತಿಸಿದರು: ಬೇಡದ್ದನ್ನು ತಯಾರಿಸುವುದು, ಕಾಯುವುದು, ಸಾಗಿಸುವುದು, ಬೇಕಾದ್ದಕ್ಕಿಂತ ಹೆಚ್ಚು ಸಂಸ್ಕರಿಸುವುದು, ದಾಸ್ತಾನು, ಅನವಶ್ಯಕ ಓಡಾಟ, ಕೆಟ್ಟ ಮಾಲು. ಇದರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಕೆಟ್ಟದ್ದು ಎಂಬುದು ಅವರ ವಾದ, ಏಕೆಂದರೆ ಉಳಿದವುಗಳನ್ನು ಹುಟ್ಟಿಸುವುದು, ಮುಚ್ಚಿಡುವುದು ಅದೇ. ಎಂ.ಟೆಕ್.ನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು. ಆದರೂ ನಾನು ಮಾಡಿದ್ದು ಮುಡಾ ತಯಾರಿಸುವ ಯಂತ್ರ.

ಆ ವಾರ ಊರಿಗೆ ಹೋಗಿದ್ದೆ. ನಮ್ಮ ಮನೆಯಲ್ಲಿ ಈಗಲೂ ನಾಲ್ಕು ಪವರ್ ಲೂಮ್ ಇವೆ. ರಬಕವಿ-ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ನಿಂತರೆ ಎಚ್ಚರವಾಗುತ್ತದೆ, ಸದ್ದು ಇದ್ದರೆ ನಿದ್ದೆ ಬರುತ್ತದೆ. ನಮ್ಮ ಹಳೆಯ ಮಗ್ಗಗಳಲ್ಲಿ ಹೊಕ್ಕಿನ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತದೆ. ಪಕ್ಕದಲ್ಲೊಂದು ಸಣ್ಣ ಕವಲು ಇದೆ, ನೂಲು ತಾಗದಿದ್ದರೆ ಅದು ಹಿಡಿಕೆ ಬೀಳಿಸುತ್ತದೆ. ಆದರೆ ಹಾಸಿನ ಎಳೆ ಕಡಿದರೆ ನಿಲ್ಲುವುದಿಲ್ಲ. ಅದನ್ನು ಅಪ್ಪನೇ ನೋಡಬೇಕು. ಅದಕ್ಕೇ ಅಪ್ಪ ನಾಲ್ಕು ಮಗ್ಗಗಳ ನಡುವೆ ದಿನವಿಡೀ ಅಡ್ಡಾಡುತ್ತಾರೆ. ಅವರು ನೋಡದೆ ಹೋದ ಗಳಿಗೆಯಲ್ಲಿ ಒಂದೆಳೆ ಕಡಿದರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ, ವ್ಯಾಪಾರಿ ಅದನ್ನು ಬೆರಳಿನಿಂದ ತೋರಿಸಿ ದುಡ್ಡು ಮುರಿದುಕೊಳ್ಳುತ್ತಾನೆ.

221 ಪೀಸಿನ ಕತೆ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಎಳಿ ಕಡದ್ರ ನಿಂದರೂದಿಲ್ಲೇನ ಅದು?’

ಟೊಯೋಟಾದ ಕತೆ ಶುರುವಾಗುವುದೂ ಇದೇ ಪ್ರಶ್ನೆಯಿಂದ. ಕಾರು ಕಂಪನಿಯಾಗುವ ಮೊದಲು ಅದು ಮಗ್ಗದ ಮನೆ. ಬಡಗಿಯ ಮಗನಾದ ಸಕಿಚಿ ಟೊಯೋಡಾ 1896ರಲ್ಲಿ ತಯಾರಿಸಿದ ಪವರ್ ಲೂಮ್ ಹೊಕ್ಕಿನ ನೂಲು ಕಡಿದರೆ ತಾನಾಗಿ ನಿಲ್ಲುತ್ತಿತ್ತು. 1924ರ ‘ಜಿ’ ಮಾದರಿಯ ಮಗ್ಗ ಲಾಳಿಯನ್ನೂ ತಾನೇ ಬದಲಿಸುತ್ತಿತ್ತು, ಹಾಸಿನ ಎಳೆ ಕಡಿದರೂ ನಿಲ್ಲುತ್ತಿತ್ತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಅದರ ಹಕ್ಕನ್ನು ಒಂದು ಲಕ್ಷ ಪೌಂಡಿಗೆ ಕೊಂಡಿತು. ಆ ದುಡ್ಡೇ ಮಗ ಕಿಚಿರೋನ ಕಾರಿನ ಪ್ರಯೋಗಗಳಿಗೆ ಬಂಡವಾಳವಾಯಿತು ಎಂದು ಟೊಯೋಟಾದ ಇತಿಹಾಸ ಹೇಳುತ್ತದೆ. ನಿಲ್ಲುವ ಮಗ್ಗದಿಂದ ಒಬ್ಬ ನೇಕಾರ ಹತ್ತಾರು ಮಗ್ಗ ನೋಡಿಕೊಳ್ಳುವಂತಾಯಿತು. ಯಂತ್ರವನ್ನು ಮನುಷ್ಯ ಕಾಯುವುದು ತಪ್ಪಿತು.

ಈ ವಿಚಾರಕ್ಕೆ ಅವರು ಇಟ್ಟ ಹೆಸರು ‘ಜಿಡೋಕಾ’. ಜಪಾನಿಯಲ್ಲಿ ಆಟೊಮೇಷನ್ ಎನ್ನುವ ಪದಕ್ಕೂ ಇದೇ ಉಚ್ಚಾರ. ಟೊಯೋಟಾದವರು ಬರೆಯುವಾಗ ಅದರ ಒಂದು ಅಕ್ಷರಕ್ಕೆ ‘ಮನುಷ್ಯ’ ಎಂಬ ಚಿಹ್ನೆಯನ್ನು ಸೇರಿಸುತ್ತಾರೆ. ಬರೀ ತಾನೇ ಓಡುವುದು ಸಾಲದು, ತಪ್ಪಾದಾಗ ತಾನೇ ನಿಂತು ಮನುಷ್ಯನನ್ನು ಕರೆಯಬೇಕು ಎಂಬುದು ಅದರ ತಾತ್ಪರ್ಯ. ಲೀನ್ ಎಂದರೆ ಜಸ್ಟ್-ಇನ್-ಟೈಮ್ ಎಂದಷ್ಟೇ ನಮ್ಮವರು ಹೇಳುತ್ತಾರೆ. ಅದರ ಇನ್ನೊಂದು ಕಂಬ ಇದು. ರೋಬೋಟ್ ಕೊಳ್ಳುವವರು ಮರೆಯುವುದೂ ಇದನ್ನೇ.

ಪುಣೆಗೆ ವಾಪಸಾದವನು ಕಾಕಾರನ್ನು ಜೊತೆಗೆ ಕೂರಿಸಿಕೊಂಡು ಪ್ರೋಗ್ರಾಂ ತಿದ್ದಿದೆ. ಅವರ ಕಿವಿಗೆ ಕೇಳಿಸುವ ‘ಅಳು’ ಸ್ಪಿಂಡಲ್ ಮೋಟರಿನ ಭಾರದಲ್ಲಿ ಕಾಣಿಸುತ್ತದೆಯೇ ಎಂದು ನೋಡಲು ಮೂರು ದಿನ ಬೇಕಾಯಿತು. ಅವರು ‘ಈಗ ನೋಡು’ ಎಂದು ಕೈ ಎತ್ತುವುದು, ನಾನು ಗ್ರಾಫಿನಲ್ಲಿ ಗುರುತು ಹಾಕುವುದು. ಎಂಟು ಸಲದಲ್ಲಿ ಆರು ಸಲ ಅವರ ಕೈ ಗ್ರಾಫಿಗಿಂತ ಮೊದಲೇ ಮೇಲೆದ್ದಿತ್ತು. ಆದರೂ ಗ್ರಾಫ್ ಕೊನೆಗೆ ಒಪ್ಪಿಕೊಳ್ಳುತ್ತಿತ್ತು, ಅಷ್ಟು ಸಾಕಾಯಿತು. ಆ ಮಿತಿ ದಾಟಿದರೆ ರೋಬೋಟ್ ಹೊಸ ಪೀಸು ಹಾಕುವುದಿಲ್ಲ, ತೋಳು ಮೇಲೆತ್ತಿ ಹಳದಿ ದೀಪ ಹಚ್ಚಿ ನಿಲ್ಲುತ್ತದೆ.

ವೇಗ ಇಳಿಸಲು ಹೇಳಿದವರೂ ಅವರೇ. ‘ಗಿರಾಕಿ ಬ್ಯಾಡಂದದ್ದು ಮಾಡಾಕ ಟಿಪ್ ಯಾಕ ಸುಡಬೇಕು?’ ಹೌದಲ್ಲ! ಕಟಿಂಗ್ ಸ್ಪೀಡ್ ಕಡಿಮೆ ಮಾಡಿದರೆ ಟಿಪ್‌ನ ಆಯುಷ್ಯ ಅದಕ್ಕೂ ಮೀರಿ ಹೆಚ್ಚುತ್ತದೆ ಎಂಬುದು ಡಿಪ್ಲೊಮಾ ಹುಡುಗರೂ ಓದುವ ಪಾಠ. 38ರ ಹಟ ಬಿಟ್ಟು 60ರ ಹತ್ತಿರ ತಂದೆವು. ಹಾಗೆ ಸಿಕ್ಕ ಬಿಡುವಿನಲ್ಲಿ ರೋಬೋಟ್ ಪ್ರತಿ ಪೀಸನ್ನೂ ಏರ್ ಗೇಜ್ ಮೇಲೆ ಕೂರಿಸಿ ಬೋರ್ ಅಳೆಯುವಂತೆ ಮಾಡಿದೆವು. ಒಂದು ಕೆಟ್ಟರೆ ಅದು ಕೆಂಪು ಡಬ್ಬಕ್ಕೆ, ಯಂತ್ರ ಬಂದ್. ಮೊದಲು ಅಳೆಯಲು ಬೇರೆ ಟೇಬಲ್ ಇತ್ತು, ಅಲ್ಲಿಗೆ ಟ್ರೇ ಹೊತ್ತುಕೊಂಡು ಹೋಗಬೇಕಿತ್ತು. ಆ ಟೇಬಲ್ಲೇ ಹೋಯಿತು. ಕೊನೆಯದಾಗಿ, ತೊಳೆಯುವ ಯಂತ್ರಕ್ಕೆ ಹೋಗುವ ಜಾರುದಾರಿಯಲ್ಲಿ 40 ಪೀಸಿಗಷ್ಟೇ ಜಾಗ ಬಿಟ್ಟೆವು. ಅದು ತುಂಬಿದರೆ, ಮುಂದಿನವರು ತೆಗೆಯುವವರೆಗೆ ರೋಬೋಟ್ ಕೈಕಟ್ಟಿ ನಿಲ್ಲಬೇಕು.

ಜಗಳ ಹುಟ್ಟಿದ್ದು ಇಲ್ಲೇ. ಮಾಲೀಕರು ರೌಂಡಿಗೆ ಬಂದಾಗ ರೋಬೋಟ್ ನಿಂತಿತ್ತು. ‘ರೋಬೋ ಉಭಾ ಕಾ ಆಹೆ?’ ಎಂದರು, ಅದ್ಯಾಕೆ ನಿಂತಿದೆ ಎಂದು. ಲಕ್ಷಾಂತರ ಸಾಲ ತೆಗೆದು ತಂದ ಯಂತ್ರ, ಕಂತು ಕಟ್ಟುವವರು ಅವರು. ನಿಂತ ಯಂತ್ರ ಅವರ ಕಣ್ಣಿಗೆ ಸುಡುವ ನೋಟು. ಅವರ ಮಾತನ್ನು ಮೂರ್ಖತನ ಎನ್ನಲು ನನ್ನಿಂದಾಗದು. ಬ್ಯಾಂಕಿನ ಬಡ್ಡಿ ಟ್ಯಾಕ್ಟ್ ಟೈಮ್ ನೋಡಿಕೊಂಡು ಓಡುವುದಿಲ್ಲ. ನಾನು ರ‍್ಯಾಕ್‌ಗಳ ಕಡೆ ಕರೆದುಕೊಂಡು ಹೋಗಿ, ಅಲ್ಲಿದ್ದ ಗುಡ್ಡೆಯ ಉಕ್ಕಿನ ಬೆಲೆಯನ್ನು ಲೆಕ್ಕ ಹಾಕಿ ತೋರಿಸಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಒಪ್ಪಿದರು ಎಂದು ಹೇಳಲಾರೆ. ‘ಮೂರು ತಿಂಗಳು ನೋಡೋಣ’ ಎಂದರು. ಮೂರು ತಿಂಗಳಾದ ಮೇಲೆ ರ‍್ಯಾಕ್‌ಗಳಿದ್ದ ಜಾಗ ಖಾಲಿಯಾಗಿ, ಅಲ್ಲೊಂದು ಹೊಸ ಲೇತ್ ಬಂತು. ಆಮೇಲೆ ಅವರು ಆ ಪ್ರಶ್ನೆ ಕೇಳಲಿಲ್ಲ.

ಇದು ಪುಣೆಗೆ ಹೊಸದೇನಲ್ಲ. ಚಾಕಣ್‌ನ ಬಜಾಜ್ ಆಟೊ ಕಾರ್ಖಾನೆ 2010ರಲ್ಲೇ ಡೆನ್ಮಾರ್ಕಿನ ಯೂನಿವರ್ಸಲ್ ರೋಬೋಟ್ಸ್ ಕಂಪನಿಯ ಕೋಬಾಟ್‌ಗಳನ್ನು ತಂದಿತು. ಕೋಬಾಟ್ ಎಂದರೆ ಪಂಜರವಿಲ್ಲದೆ ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ, ತಾಗಿದರೆ ನಿಲ್ಲುವ ಸಣ್ಣ ರೋಬೋಟ್. (ಅದರ ಕೈಯಲ್ಲಿರುವ ವಸ್ತು ಚೂಪಾಗಿದ್ದರೆ ಅದು ತಾಗುವುದೂ ಅಪಾಯವೇ. ಆದ್ದರಿಂದ ಪಂಜರ ತೆಗೆಯುವ ಮೊದಲು ಅಪಾಯದ ಲೆಕ್ಕ ಮಾಡಲೇಬೇಕು.) ಈಗ ಅಲ್ಲಿ ಅಂಥವು ನೂರಕ್ಕೂ ಹೆಚ್ಚಿವೆ. ಬೋಲ್ಟ್ ಬಿಗಿಯುವುದು, ಭಾಗಗಳನ್ನು ಎತ್ತಿಡುವುದು, ಸ್ಟಿಕ್ಕರ್ ಅಂಟಿಸುವುದು ಅವುಗಳ ಕೆಲಸ. ಅಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅವುಗಳ ಸಂಖ್ಯೆಯಲ್ಲ. ಹಗುರವಾದ್ದರಿಂದ ಅವನ್ನು ಇಲ್ಲಿಂದ ಕಿತ್ತು ಅಲ್ಲಿ ಕೂರಿಸಬಹುದು. ಈ ತಿಂಗಳು ಒಂದು ಮಾಡೆಲ್, ಮುಂದಿನ ತಿಂಗಳು ಇನ್ನೊಂದು ಎನ್ನುವ ಅಸೆಂಬ್ಲಿ ಲೈನಿಗೆ ನೆಲಕ್ಕೆ ಬೇರುಬಿಟ್ಟ ದೊಡ್ಡ ರೋಬೋಟ್‌ಗಿಂತ ಇದು ಒಗ್ಗುತ್ತದೆ. ಚಾಕಣ್‌ನ ಅಸೆಂಬ್ಲಿಯಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಭುಜ ಸೋಲುವ, ಮಣಿಕಟ್ಟು ನೋಯುವ ಬಿಗಿತದ ಕೆಲಸ ರೋಬೋಟ್‌ನ ಪಾಲಿಗೆ, ಕಣ್ಣು ಮತ್ತು ಬುದ್ಧಿಯ ಕೆಲಸ ಅವರ ಪಾಲಿಗೆ ಎಂದಾದರೆ ಅದಕ್ಕೆ ಯಾರ ತಕರಾರೂ ಇರಲಾರದು. ಚಿಂಚ್‌ವಾಡದಲ್ಲೇ ಟಾಟಾ ಮೋಟಾರ್ಸ್‌ನ ಅಂಗಸಂಸ್ಥೆ ಟಾಲ್, ‘ಬ್ರಾಬೋ’ ಎಂಬ ದೇಶಿ ರೋಬೋಟ್ ತಯಾರಿಸಿ 2016ರಲ್ಲಿ ಮುಂಬೈಯ ಮೇಕ್ ಇನ್ ಇಂಡಿಯಾ ಸಪ್ತಾಹದಲ್ಲಿ ತೋರಿಸಿತ್ತು. ಸಣ್ಣ ಕಾರ್ಖಾನೆಗಳೇ ಅದರ ಗುರಿ. ಅಂತರರಾಷ್ಟ್ರೀಯ ರೋಬೋಟಿಕ್ಸ್ ಒಕ್ಕೂಟದ ಲೆಕ್ಕದಲ್ಲಿ 2023ರಲ್ಲಿ ಭಾರತದಲ್ಲಿ ಹೊಸದಾಗಿ ನೆಲೆಗೊಂಡ ಕೈಗಾರಿಕಾ ರೋಬೋಟ್‌ಗಳು 8,510, ಹಿಂದಿನ ವರ್ಷಕ್ಕಿಂತ ಶೇ 59 ಹೆಚ್ಚು. ಇವುಗಳಲ್ಲಿ ಎಷ್ಟಕ್ಕೆ ನಿಲ್ಲಲು ಬರುತ್ತದೆ ಎಂದು ನಾನು ಯೋಚಿಸುತ್ತಿರುತ್ತೇನೆ.

ನಮಗಿಂತ ದೊಡ್ಡವರೂ ಇಲ್ಲಿ ಎಡವಿದ್ದಾರೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಒಂದು ಕಾರ್ಖಾನೆಯಿದೆ. 1984ರಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೋಟಾ ಸೇರಿ ಅಲ್ಲಿ ‘ನುಮ್ಮಿ’ ಎಂಬ ಹೆಸರಿನಲ್ಲಿ ಕಾರು ತಯಾರಿಸಲು ತೊಡಗಿದವು. ಜಿಎಂ ಮುಚ್ಚಿದ್ದ ಕಾರ್ಖಾನೆ ಅದು, ಹಳೆಯ ಕೆಲಸಗಾರರಲ್ಲಿ ಬಹಳಷ್ಟು ಜನರನ್ನೇ ಮತ್ತೆ ತೆಗೆದುಕೊಂಡರು. ಬದಲಾದದ್ದು ಕೆಲಸದ ರೀತಿ: ತಪ್ಪು ಕಂಡವನು ಹಗ್ಗ ಎಳೆದು ಲೈನ್ ನಿಲ್ಲಿಸಬಹುದು. ಗುಣಮಟ್ಟ ಅಮೆರಿಕವೇ ಬೆರಗಾಗುವಷ್ಟು ಏರಿತು. ಅದೇ ದಶಕದಲ್ಲಿ ಜಿಎಂ ತನ್ನ ಬೇರೆ ಕಾರ್ಖಾನೆಗಳಲ್ಲಿ ರೋಬೋಟ್‌ಗಳಿಗೆ ಕೋಟ್ಯಂತರ ಡಾಲರ್ ಸುರಿದರೂ ಅಂಥ ಫಲ ಸಿಗಲಿಲ್ಲ. ನುಮ್ಮಿಯಲ್ಲಿ ಕೆಲಸ ಮಾಡಿದ್ದ ಎಂಜಿನಿಯರ್ ಜಾನ್ ಕ್ರಾಫ್ಚಿಕ್ 1988ರಲ್ಲಿ ಬರೆದ ಲೇಖನದಿಂದಲೇ ‘ಲೀನ್’ ಎಂಬ ಪದ ಬಳಕೆಗೆ ಬಂದದ್ದು. 2010ರಲ್ಲಿ ನುಮ್ಮಿ ಮುಚ್ಚಿತು. ಆ ಕಟ್ಟಡ ಕೊಂಡದ್ದು ಟೆಸ್ಲಾ. ಮಾಡೆಲ್ 3 ಕಾರಿಗಾಗಿ ಅಲ್ಲಿ ರೋಬೋಟ್‌ಗಳನ್ನು ತುಂಬಿದ ಇಲಾನ್ ಮಸ್ಕ್, 2018ರಲ್ಲಿ ಅತಿಯಾದ ಆಟೊಮೇಷನ್ ತನ್ನದೇ ತಪ್ಪು ಎಂದು ಟ್ವಿಟರಿನಲ್ಲಿ ಒಪ್ಪಿಕೊಂಡರು. ಒಂದೇ ಸೂರಿನ ಕೆಳಗೆ ಎರಡೂ ಪಾಠ.

ಟೊಯೋಟಾದವರ ಪಾಠಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಬಿಡದಿ ಇದೆ. 1997ರಲ್ಲಿ ಹುಟ್ಟಿದ ಟೊಯೋಟಾ ಕಿರ್ಲೋಸ್ಕರ್‌ನಿಂದ ತರಬೇತಾಗಿ ಬಂದ ನಮ್ಮ ಹುಡುಗರು ಪುಣೆಯಲ್ಲೂ ಸಿಗುತ್ತಾರೆ. ಯಂತ್ರ ನಿಂತರೆ ಅವರು ಗಾಬರಿಯಾಗುವುದಿಲ್ಲ, ಯಾಕೆ ನಿಂತಿತು ಎಂದು ಬರೆದುಕೊಳ್ಳುತ್ತಾರೆ.

ಇಷ್ಟೆಲ್ಲ ಬರೆದು ಒಂದನ್ನು ಬಿಟ್ಟರೆ ಮೋಸವಾಗುತ್ತದೆ. ಆ 221 ಪೀಸಿನ ರಾತ್ರಿ ಪಾಳಿಯಲ್ಲಿದ್ದವನು ಕಲಬುರಗಿ ಕಡೆಯ ಒಬ್ಬ ಹುಡುಗ, ಕಾಂಟ್ರ್ಯಾಕ್ಟ್ ಮೇಲಿದ್ದವನು. ಮೂರು ಯಂತ್ರಗಳಿಗೆ ಮಾಲು ತುಂಬುವುದು ಅವನ ಕೆಲಸ. ತುಂಬಿದ್ದ. ಬೋರ್ ಅಳೆಯಲು ಅವನಿಗೆ ಯಾರೂ ಹೇಳಿರಲಿಲ್ಲ, ಗೇಜನ್ನೂ ಕೊಟ್ಟಿರಲಿಲ್ಲ. ಬೆಳಿಗ್ಗೆ ಮೊದಲು ಬೈಸಿಕೊಂಡವನು ಅವನೇ. ತಪ್ಪು ನನ್ನ ಕೌಂಟರಿನದು ಎಂದು ನಾನು ಹೇಳಿದೆ, ಮೆತ್ತಗಿನ ದನಿಯಲ್ಲಿ. ಮುಂದಿನ ತಿಂಗಳು ಅವನ ಗೇಟ್ ಪಾಸ್ ಹೊಸದಾಗಲಿಲ್ಲ. ಆ ರಾತ್ರಿಗೂ ಇದಕ್ಕೂ ಸಂಬಂಧವಿಲ್ಲ, ಅದು ಕಾಂಟ್ರ್ಯಾಕ್ಟರ್‌ನ ವಿಷಯ ಎಂದರು. ನನ್ನ ಸ್ಲೈಡಿನ ‘ಆಪರೇಟರ್ ಉಳಿತಾಯ 2’ ಎಂಬ ಸಾಲಿನಲ್ಲಿ ಅವನೂ ಒಬ್ಬ ಎಂದು ನನಗೆ ಗೊತ್ತಿತ್ತು. ಕಾಕಾರನ್ನು ಮಾತ್ರ ಮಾಲೀಕರು ಬಿಡಲಿಲ್ಲ. ಅವರು ಈಗ ಮೂರು ಸೆಲ್‌ಗಳ ಸೆಟ್ಟರ್, ಸಂಬಳವೂ ಏರಿದೆ. ಹುಡುಗ ರಾಂಜಣಗಾಂವ್ ಕಡೆ ಎಲ್ಲೋ ಪ್ಯಾಕಿಂಗ್ ಕೆಲಸಕ್ಕಿದ್ದಾನೆ ಎಂದು ಅವರೇ ಹೇಳಿದರು. ಲೀನ್ ಎಂದರೆ ಜನರನ್ನು ಕಳೆಯುವುದಲ್ಲ ಎಂದು ಪುಸ್ತಕಗಳೆಲ್ಲ ಹೇಳುತ್ತವೆ. ಕಾಂಟ್ರ್ಯಾಕ್ಟ್ ಕಾರ್ಮಿಕರ ವಿಷಯಕ್ಕೆ ಬಂದಾಗ ನಮ್ಮಲ್ಲಿ ಆ ಪುಟವನ್ನು ಯಾರೂ ತೆರೆಯುವುದಿಲ್ಲ. ಈಗ ನನ್ನ ಸ್ಲೈಡುಗಳಲ್ಲಿ ಆ ಸಾಲಿನ ಬದಲು ‘ಈ ಇಬ್ಬರು ಮುಂದೆ ಏನು ಮಾಡುತ್ತಾರೆ?’ ಎಂದು ಬರೆದು ಎದುರಿಗೆ ಖಾಲಿ ಜಾಗ ಬಿಡುತ್ತೇನೆ. ಕೆಲವು ಮಾಲೀಕರು ತುಂಬುತ್ತಾರೆ. ಕೆಲವರು ಮುಂದಿನ ಸ್ಲೈಡ್ ಎನ್ನುತ್ತಾರೆ.

ಮಿತ್ಸುರು ಕವಾಯಿ ಎಂಬವರು ಟೊಯೋಟಾಕ್ಕೆ ಕಾರ್ಮಿಕರಾಗಿ ಸೇರಿ ಉಪಾಧ್ಯಕ್ಷರ ಹುದ್ದೆಯವರೆಗೆ ಏರಿದವರು. ಕೆಲವು ಕಡೆ ರೋಬೋಟ್ ತೆಗೆದು ಕ್ರ್ಯಾಂಕ್‌ಶಾಫ್ಟ್ ಮುಂತಾದವನ್ನು ಮತ್ತೆ ಕೈಯಲ್ಲೇ ಮಾಡಿಸಿದವರು ಅವರು. ಕೈಗೆ ಗೊತ್ತಿಲ್ಲದ ಕೆಲಸವನ್ನು ರೋಬೋಟ್‌ಗೆ ಕಲಿಸಲಾಗದು, ಕೈಯಲ್ಲಿ ಸರಿಮಾಡಿಕೊಂಡು ಆಮೇಲೆ ಯಂತ್ರಕ್ಕೆ ಕೊಡಬೇಕು ಎಂಬುದು ಅವರ ಪಟ್ಟು. ಇದನ್ನು ಕಾಕಾರಿಗೆ ಹೇಳಿದಾಗ ಅವರಿಗೆ ಅಚ್ಚರಿಯೇನೂ ಆಗಲಿಲ್ಲ.

ಭೋಸರಿಯ ಮಾಲೀಕರು ಈಗ ಇನ್ನೊಂದು ರೋಬೋಟ್‌ಗೆ ಆರ್ಡರ್ ಕೊಟ್ಟಿದ್ದಾರೆ. ಅದು ಬರುವ ಮೊದಲು ಒಂದು ವಾರ ಆ ಲೇತ್‌ಗೆ ನಾನೇ ನಿಂತು ಕೈಯಲ್ಲಿ ಪೀಸು ಹಾಕಿ ತೆಗೆಯಬೇಕು ಎಂದು ಕಾಕಾ ಷರತ್ತು ಹಾಕಿದ್ದಾರೆ. ಸೋಮವಾರ ಮೊದಲ ಶಿಫ್ಟ್, ಏಳು ಗಂಟೆಗೆ. ನಿನ್ನೆ ರಾತ್ರಿ ಫೋನ್ ಮಾಡಿ ನೆನಪಿಸಿದರು: ‘ಅರ್ಧ ತೋಳಿನ ಅಂಗಿ ಹಾಕ್ಕೊಂಡ್ ಬಾ ತಮ್ಮಾ. ವಾಚು, ಉಂಗುರ ಮನ್ಯಾಗ ಬಿಚ್ಚಿಡು. ಗ್ಲೌಸ್ ತರಬ್ಯಾಡ, ತಿರಗೂ ಚಕ್ ಮುಂದ ಗ್ಲೌಸ್ ಹಾಕೂದಲ್ಲ. ಮತ್ತ ಕಿವ್ಯಾಗ ಆ ಹಾಡಿನ ದಾರ ಇಟ್ಕೊಂಡ್ ಬರಬ್ಯಾಡ.’